ನೆರವು ಮುಗಿದ ಮೇಲೆ ಉಳಿದದ್ದು

(ನಮ್ಮ ಟ್ರಸ್ಟಿನ ವಾರ್ಷಿಕ ಮಹಾಸಭೆ ಮತ್ತು ವಿದ್ಯಾರ್ಥಿ ವೇತನ ವಿತರಣಾ ಸಮಾರಂಭದಲ್ಲಿ ಪರಿಹಾರ ಸಮಿತಿಯ ಪರವಾಗಿ ಮಾಡಿದ ಭಾಷಣದ ಪಠ್ಯ)



ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಜಮಾಅತ್‌ಗಳ ಪ್ರತಿನಿಧಿಗಳೇ, ವರ್ಷವಿಡೀ ಕೈ ಬಿಡದ ದಾನಿಗಳೇ, ಮಕ್ಕಳನ್ನು ಕರೆದುಕೊಂಡು ದೂರದಿಂದ ಬಂದಿರುವ ತಾಯಂದಿರೇ, ತಂದೆಯರೇ, ಪ್ರೀತಿಯ ವಿದ್ಯಾರ್ಥಿಗಳೇ,

ವಿದ್ಯಾರ್ಥಿ ವೇತನದ ಸಮಾರಂಭದಲ್ಲಿ ನೆರೆ, ಬರ, ಕಸ, ಪ್ಲಾಸ್ಟಿಕ್ ಎಂದು ಮಾತನಾಡುವುದು ಏಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರ್ಯಕಾರಿ ಸಮಿತಿಯಲ್ಲೂ ಈ ಪ್ರಶ್ನೆ ಬಂತು. ಆದರೆ ಈ ವರ್ಷ ಬಂದ ಅರ್ಜಿಗಳಲ್ಲಿ ಒಂದನ್ನು ಓದಿದ ಮೇಲೆ, ಇದನ್ನು ದಾನಿಗಳ ಮುಂದೆಯೂ ಮಕ್ಕಳ ಮುಂದೆಯೂ ಒಟ್ಟಿಗೆ ಹೇಳಬೇಕು ಎಂದು ನಾವು ತೀರ್ಮಾನಿಸಿದೆವು. ಆ ಅರ್ಜಿಯ ವಿಷಯಕ್ಕೆ ಆಮೇಲೆ ಬರುತ್ತೇವೆ.

ನಮ್ಮ ನಾಲ್ಕು ತಾಲ್ಲೂಕುಗಳ ಸ್ಥಿತಿ ನಿಮಗೆ ಗೊತ್ತಿರುವುದೇ. ತುಂಗಾ ಮತ್ತು ಭದ್ರಾ ಕೂಡ್ಲಿಯಲ್ಲಿ ಸೇರಿ ತುಂಗಭದ್ರೆಯಾಗಿ ನ್ಯಾಮತಿ, ಹೊನ್ನಾಳಿ ಕಡೆಗೆ ಬರುತ್ತದೆ. ಮಲೆನಾಡಿನಲ್ಲಿ ಮಳೆ ಹಿಡಿದು, ಗಾಜನೂರಿನ ತುಂಗಾ ಅಣೆಕಟ್ಟು ಮತ್ತು ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೆ, ಇಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಹೊನ್ನಾಳಿಯ ಬಾಲರಾಜ್ ಘಾಟ್ ಕಡೆಯ ಮನೆಗಳವರು ಪಾತ್ರೆ ಪಗಡಿ ಕಟ್ಟಬೇಕಾಗುತ್ತದೆ. ಜಗಳೂರಿನದು ಇದಕ್ಕೆ ತದ್ವಿರುದ್ಧ. ಅಲ್ಲಿ ಬರ ಅನ್ನುವುದು ಸುದ್ದಿಯೇ ಅಲ್ಲ. ಚನ್ನಗಿರಿಯಲ್ಲಿ ಸೂಳೆಕೆರೆ ಇದೆ, ಭದ್ರಾ ನಾಲೆ ಇದೆ, ಅಡಿಕೆ ತೋಟಗಳಿವೆ. ಆದರೂ 2023–24ರ ಬರದಲ್ಲಿ ತೋಟ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಹೊಡೆಸಿದ ರೈತರು ಈ ಸಭೆಯಲ್ಲೇ ಇದ್ದೀರಿ. ಆ ವರ್ಷ ಸರ್ಕಾರ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತ್ತು. ಒಂದೇ ಜಿಲ್ಲೆಯಲ್ಲಿ ಒಂದು ಕಡೆ ನೆರೆಗೆ ಅನ್ನ ಒಯ್ಯಬೇಕು, ಇನ್ನೊಂದು ಕಡೆ ಬರಕ್ಕೆ ನೀರು ಒಯ್ಯಬೇಕು. ನಮ್ಮ ಟ್ರಸ್ಟ್ ತನ್ನ ಶಕ್ತಿಗೆ ತಕ್ಕಂತೆ ಎರಡನ್ನೂ ಮಾಡುತ್ತಾ ಬಂದಿದೆ. ಜಾತಿ, ಮತ ಕೇಳದೆ ಮಾಡಿದ್ದೇವೆ. ಅದರ ಬಗ್ಗೆ ನಮಗೆ ಸಂಕೋಚವಿಲ್ಲ. ಸಂಕೋಚವಿರುವುದು ಬೇರೆ ವಿಷಯಕ್ಕೆ.

2019ರ ಆಗಸ್ಟ್ ತಿಂಗಳನ್ನು ನೆನಪು ಮಾಡಿಕೊಳ್ಳಿ. ಬಕ್ರೀದ್ ಹತ್ತಿರವಿತ್ತು. ನದಿ ಏರಿತು. ಶಾಲೆಗಳಲ್ಲಿ, ಭವನಗಳಲ್ಲಿ ಗಂಜಿ ಕೇಂದ್ರಗಳು ಶುರುವಾದವು. ನಾವು ಮಸೀದಿಯಲ್ಲಿ ಘೋಷಣೆ ಮಾಡಿದ ಒಂದೇ ದಿನದಲ್ಲಿ ವಾಹನಗಳು ತುಂಬಿದವು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಪಲಾವ್, ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ, ನೀರಿನ ಪೌಚು, ಬಾಟಲಿ, ಬಿಸ್ಕತ್ತು, ಗಂಟುಗಂಟಾಗಿ ಹಳೆಯ ಬಟ್ಟೆ. ಹುಡುಗರು ನಿದ್ದೆಗೆಟ್ಟು ಹಂಚಿದರು. ಹಸಿದವರು ಉಂಡರು. ನಾವು ಫೋಟೊ ತೆಗೆದೆವು. ಆ ವರ್ಷದ ವರದಿಯಲ್ಲಿ ಆ ಫೋಟೊಗಳು ಅಚ್ಚಾಗಿವೆ.

ನೀರು ಇಳಿದು ಜನ ಮನೆಗೆ ಹೋದ ಕೆಲವು ದಿನಗಳ ಮೇಲೆ, ಗಂಜಿ ಕೇಂದ್ರವಾಗಿದ್ದ ಒಂದು ಶಾಲೆಯ ಮುಖ್ಯ ಶಿಕ್ಷಕರು ನಮಗೆ ಫೋನ್ ಮಾಡಿದರು. ಸಿಟ್ಟಿನಲ್ಲಿ ಮಾತನಾಡಲಿಲ್ಲ. "ನಿಮ್ಮಿಂದ ದೊಡ್ಡ ಉಪಕಾರ ಆಯ್ತು, ಇಲ್ಲ ಅನ್ನಲ್ಲ. ಆದ್ರೆ ಒಂದ್ಸಲ ಬಂದು ನಮ್ಮ ಮೈದಾನ ನೋಡ್ಕೊಂಡು ಹೋಗಿ" ಎಂದರು.

ನಾವು ಹೋದೆವು. ಮೈದಾನದ ತುಂಬ ತಟ್ಟೆ, ಲೋಟ, ಪೌಚು. ಹಿಂದಿನ ಗೋಡೆಯ ಬಳಿ ನಾವು ಕೊಟ್ಟ ಬಟ್ಟೆಗಳು ಮಳೆಗೆ ನೆನೆದು ಕೊಳೆತು ನಾರುತ್ತಿದ್ದವು. ಹರಿದ ಪ್ಯಾಂಟು, ಮದುವೆಗೆ ಉಡುವ ಜರಿಯ ಬಟ್ಟೆ, ಒಂದೇ ಕಾಲಿನ ಚಪ್ಪಲಿ. ಬಟ್ಟೆಯೇ ಇಲ್ಲದವರೂ ಅದನ್ನು ಮುಟ್ಟಿರಲಿಲ್ಲ. ಅನ್ನದ ವಾಸನೆ ಹಿಡಿದ ಕವರುಗಳನ್ನು ದನಗಳು ಮೇಯುತ್ತಿದ್ದವು. ಉಳಿದದ್ದನ್ನು ಯಾರೋ ಗುಡ್ಡೆ ಹಾಕಿ ಬೆಂಕಿ ಕೊಟ್ಟಿದ್ದರು. ಅದು ಅರ್ಧ ಉರಿದು, ಕರಗಿ, ನೆಲಕ್ಕೆ ಅಂಟಿಕೊಂಡಿತ್ತು. ನಾವು ಒಂದು ಟ್ರ್ಯಾಕ್ಟರ್ ಮಾಡಿಕೊಂಡು ಸ್ವಚ್ಛ ಮಾಡಿದೆವು. ಟ್ರೇಲರ್ ತುಂಬಿದರೂ ಮುಗಿಯಲಿಲ್ಲ. ನದಿಯ ಕಡೆಯ ಒಂದು ಮನೆಯ ಹಿರಿಯ ಹೆಣ್ಣುಮಗಳು ನಮ್ಮನ್ನು ನೋಡಿ, "ನಮ್ಮ ಪಾತ್ರೆ ಹೊಳೇಲಿ ಹೋದ್ವು ಭಾಯಿ, ನಿಮ್ಮ ಕವರು ಮಾತ್ರ ನಮ್ಮ ಅಂಗಳದಲ್ಲೇ ಉಳಿದ್ವು" ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ, ಥರ್ಮಾಕೋಲ್ ಸಾಮಾನು ಇವೆಲ್ಲ ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಿಂದಲೇ ನಿಷೇಧವಾಗಿದ್ದವು. ಅಂದರೆ ಸೇವೆಯ ಹೆಸರಿನಲ್ಲಿ ನಾವು ಹಂಚಿದ್ದು ಕಾನೂನು ಬೇಡ ಎಂದ ವಸ್ತುವನ್ನು. 2022ರ ಜುಲೈ 1ರಿಂದ ಇಡೀ ದೇಶದಲ್ಲೇ ಒಮ್ಮೆ ಬಳಸಿ ಎಸೆಯುವ ಇಂಥ ಪ್ಲಾಸ್ಟಿಕ್ ಸಾಮಾನುಗಳಿಗೆ ನಿಷೇಧ ಬಂದಿದೆ. ತುರ್ತು ಕೆಲಸ ಎಂದರೆ ನಿಯಮಗಳಿಗೆ ರಜೆ ಎಂದು ನಾವು ಅಂದುಕೊಂಡಿದ್ದೆವು. ಅದು ತಪ್ಪು.

ಎಸೆದದ್ದು ಎಲ್ಲಿಗೆ ಹೋಯಿತು? ಮೈದಾನದಲ್ಲಿ ಕಂಡದ್ದನ್ನು ಎತ್ತಿದೆವು. ಕಾಣದ್ದು ಚರಂಡಿ ಹಿಡಿದು ಹೊಳೆಗೆ ಹೋಯಿತು. ಹೊನ್ನಾಳಿ ದಾಟಿದ ನದಿ ಹರಿಹರಕ್ಕೆ ಹೋಗುತ್ತದೆ. ದಾವಣಗೆರೆ ನಗರಕ್ಕೆ ನೀರು ಎತ್ತುವುದು ಅದೇ ನದಿಯಿಂದ. ಜಗಳೂರಿನ 57 ಕೆರೆಗಳನ್ನು ತುಂಬಿಸುವ ಯೋಜನೆಗೆ ನೀರು ಎತ್ತುವುದೂ ಹರಿಹರ ತಾಲ್ಲೂಕಿನ ದೀಟೂರು ಬಳಿ ಅದೇ ನದಿಯಿಂದ. ಇದನ್ನು ಸ್ವಲ್ಪ ಯೋಚಿಸಿ. ಹೊನ್ನಾಳಿಯ ನೆರೆ ಸಂತ್ರಸ್ತರಿಗೆ ಕೊಟ್ಟ ಪೌಚಿನ ಕಸ ಯಾವ ನೀರಿಗೆ ಬಿತ್ತೋ, ಆ ನೀರಿಗಾಗಿ ಜಗಳೂರಿನ ಬರ ಸಂತ್ರಸ್ತರು ವರ್ಷಗಟ್ಟಲೆ ಹೋರಾಡಿದ್ದಾರೆ, ಕಾದಿದ್ದಾರೆ. ಒಂದು ಕೈಯಲ್ಲಿ ಒಬ್ಬರಿಗೆ ಕೊಟ್ಟು ಇನ್ನೊಂದು ಕೈಯಲ್ಲಿ ಇನ್ನೊಬ್ಬರ ನೀರು ಕೆಡಿಸಿದರೆ ಅದನ್ನು ನೆರವು ಎಂದು ಹೇಗೆ ಕರೆಯುವುದು? ಹರಿಯುವ ಹೊಳೆಯ ಪಕ್ಕದಲ್ಲಿ ಕೂತು ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದು ಎಂದು ಮದರಸಾದಲ್ಲಿ ಚಿಕ್ಕಂದಿನಿಂದ ಕಲಿತವರು ನಾವು. ದಾರಿಯಲ್ಲಿ ಬಿದ್ದ ಮುಳ್ಳು ತೆಗೆಯುವುದೂ ದಾನವೇ ಎಂದು ಕೇಳುತ್ತಾ ಬೆಳೆದವರು. ಮುಳ್ಳು ಹಾಕಿ ಬರುವುದು ಏನಾಗುತ್ತದೆ ಎಂದು ನಾವು ಕೇಳಿಕೊಂಡಿರಲಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. 2004ರ ಡಿಸೆಂಬರ್‌ನ ಸುನಾಮಿ ಸಮಯದಲ್ಲಿ ತಮಿಳುನಾಡಿನ ಕರಾವಳಿಯಲ್ಲಿ ದೇಶದ ಎಲ್ಲ ಕಡೆಯಿಂದ ಬಂದ ಹಳೆಯ ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ಬಿದ್ದು ಹಾಳಾಯಿತು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಭೂಕುಸಿತವಾದಾಗಲೂ ಬಳಸಲಾಗದ ಹಳೆಯ ಬಟ್ಟೆ ಲಾರಿಗಟ್ಟಲೆ ಬಂದು, ಅದನ್ನು ವಿಲೇವಾರಿ ಮಾಡುವುದೇ ಅಲ್ಲಿಯ ಆಡಳಿತಕ್ಕೆ ಇನ್ನೊಂದು ತಲೆನೋವಾಯಿತು. ಬಟ್ಟೆಯನ್ನು ಹೇಗೆ ಕೊಡಬೇಕು ಎಂದು ತೋರಿಸಿಕೊಟ್ಟವರೂ ನಮ್ಮ ದೇಶದಲ್ಲೇ ಇದ್ದಾರೆ. 1999ರಲ್ಲಿ ದೆಹಲಿಯಲ್ಲಿ ಅಂಶು ಗುಪ್ತಾ ಅವರು ಆರಂಭಿಸಿದ 'ಗೂಂಜ್' ಸಂಸ್ಥೆ ಹಳೆಯ ಬಟ್ಟೆಯನ್ನು ವಿಂಗಡಿಸಿ, ಹೊಲಿದು, ಊರಿಗೆ ತಕ್ಕಂತೆ ಕಳಿಸುತ್ತದೆ. ಉಡಲು ಬಾರದ ಹತ್ತಿ ಬಟ್ಟೆಯಿಂದ ಹೆಣ್ಣುಮಕ್ಕಳ ಮುಟ್ಟಿನ ಪ್ಯಾಡ್ ಮಾಡುತ್ತದೆ. ಬಟ್ಟೆ ಪಡೆಯುವವರು ತಮ್ಮ ಊರಿನ ಬಾವಿ, ರಸ್ತೆ ಸರಿಪಡಿಸುವ ಕೆಲಸ ಮಾಡಿ ಅದನ್ನು ಗೌರವದಿಂದ ಪಡೆಯುತ್ತಾರೆ. ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಈಗ ನಾವು ಏನು ಬದಲಾಯಿಸಿದ್ದೇವೆ ಎಂಬ ಲೆಕ್ಕ ಕೊಡುತ್ತೇವೆ.

ಮೊದಲನೆಯದು ಊಟ. ನಮ್ಮ ಪ್ರತಿ ಜಮಾಅತ್‌ನಲ್ಲೂ ಮದುವೆ, ಇಫ್ತಾರ್‌ಗಳಿಗೆಂದು ದೇಗ್‌ಗಳು, ಸ್ಟೀಲ್ ತಟ್ಟೆ, ಲೋಟ, ಬಕೆಟ್‌ಗಳಿವೆ. ಶಾದಿ ಮಹಲ್‌ನ ಕೋಣೆಯಲ್ಲಿ ಬೀಗ ಹಾಕಿ ಇಟ್ಟಿರುತ್ತೇವೆ. ನೆರೆ ಬಂದಾಗ ಅದು ಯಾರಿಗೂ ನೆನಪಾಗಲಿಲ್ಲ, ಅಂಗಡಿಯ ತಟ್ಟೆಯೇ ನೆನಪಾಯಿತು. ಈಗ ಯಾವ ಜಮಾಅತ್‌ನಲ್ಲಿ ಎಷ್ಟು ಪಾತ್ರೆ ಇದೆ, ಬೀಗದ ಕೈ ಯಾರ ಬಳಿ ಇದೆ ಎಂಬ ಪಟ್ಟಿ ಮಾಡಿದ್ದೇವೆ. ಅಡುಗೆಯನ್ನು ಕೇಂದ್ರದ ಹತ್ತಿರವೇ ಮಾಡಿ ತಟ್ಟೆಯಲ್ಲಿ ಬಡಿಸುತ್ತೇವೆ. ಪೊಟ್ಟಣ ಕಟ್ಟಿದರೆ ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ. ಬಡಿಸಿದರೆ ಅನ್ನ ಹಾಳಾಗುವುದೂ ಕಡಿಮೆ. ತೊಳೆಯಲು ನೀರಿಲ್ಲದ ಕಡೆಗೆ ಅಡಿಕೆ ಹಾಳೆಯ ತಟ್ಟೆ ಮತ್ತು ಮುತ್ತುಗದ ಎಲೆ. ಅಡಿಕೆ ಹಾಳೆಗೆ ಚನ್ನಗಿರಿ ಸೀಮೆಯಲ್ಲಿ ಕೊರತೆಯೇ? ಚನ್ನಗಿರಿಯ ಹಾಳೆ ಹೊನ್ನಾಳಿಯ ನೆರೆಗೆ ಒದಗಿದರೆ ದುಡ್ಡೂ ನಮ್ಮ ಊರಿನಲ್ಲೇ ಉಳಿಯುತ್ತದೆ, ಹಾಳೆಯೂ ಗೊಬ್ಬರವಾಗುತ್ತದೆ.

ಎರಡನೆಯದು ಕುಡಿಯುವ ನೀರು. ಪೌಚು, ಸಣ್ಣ ಬಾಟಲಿ ನಿಲ್ಲಿಸಿದ್ದೇವೆ. ನಲ್ಲಿ ಇರುವ ಟ್ಯಾಂಕು, 20 ಲೀಟರಿನ ಕ್ಯಾನು, ಮನೆಗೊಂದು ಮುಚ್ಚಳದ ಬಿಂದಿಗೆ. ನೀರಿಗೆ ಕ್ಲೋರಿನ್ ಹಾಕುವುದನ್ನು ಆರೋಗ್ಯ ಇಲಾಖೆಯವರು ಹೇಳಿದ ಪ್ರಮಾಣದಲ್ಲೇ ಮಾಡುತ್ತೇವೆ, ಕೈಗೆ ಬಂದಷ್ಟು ಸುರಿಯುವುದಿಲ್ಲ. ಪರಿಹಾರ ಕಾರ್ಯಕ್ಕೆ ಜಗತ್ತಿನಾದ್ಯಂತ ಅನುಸರಿಸುವ 'ಸ್ಫಿಯರ್' ಮಾನದಂಡದ ಪ್ರಕಾರ ಒಬ್ಬರಿಗೆ ದಿನಕ್ಕೆ ಕುಡಿಯಲು, ಅಡುಗೆಗೆ, ಶುಚಿತ್ವಕ್ಕೆ ಸೇರಿ ಕನಿಷ್ಠ 15 ಲೀಟರ್ ನೀರು ಬೇಕು. ಇಷ್ಟು ನೀರನ್ನು ಪೌಚಿನಲ್ಲಿ ಕೊಡಲು ಯಾರಿಂದಲೂ ಆಗದು. ಅಂದರೆ ಪೌಚು ಅಗ್ಗ ಎನ್ನುವುದು ನಮ್ಮ ಭ್ರಮೆ.

ಮೂರನೆಯದು ಬಟ್ಟೆ. ದಾನಿಗಳು ದಯವಿಟ್ಟು ಬೇಸರ ಮಾಡಿಕೊಳ್ಳಬಾರದು. ನೆರೆ ಬಂದ ವಾರ ನಾವು ಹಳೆಯ ಬಟ್ಟೆ ತೆಗೆದುಕೊಳ್ಳುವುದಿಲ್ಲ. ಕೊಡುವ ಮನಸ್ಸಿದ್ದವರು ಬೇಸಿಗೆಯಲ್ಲೇ ಕೊಡಿ. ಒಗೆದು, ಗುಂಡಿ ಹೊಲಿದು, ಮಡಿಸಿ, ಗಂಡಸರದು, ಹೆಂಗಸರದು, ಮಕ್ಕಳದು ಎಂದು ಬೇರೆ ಮಾಡಿ ಕೊಡಿ. ನಮ್ಮ ಮನೆಯ ನೆಂಟರಿಗೆ ಉಡಲು ಕೊಡಲು ನಾಚಿಕೆಯಾಗುವ ಬಟ್ಟೆಯನ್ನು ಸಂತ್ರಸ್ತರಿಗೆ ಕೊಡಬೇಡಿ. ನೆರೆಯ ಸಮಯದಲ್ಲಿ ಬೇಕಾಗುವುದು ಹೊಸ ಒಳಉಡುಪು, ಕಂಬಳಿ, ಹೊದಿಕೆ, ನೈಟಿ, ಲುಂಗಿ, ಟವೆಲ್. ಅದಕ್ಕೆ ಹಣ ಕೊಟ್ಟರೆ ಎಷ್ಟು ಬೇಕೋ ಅಷ್ಟನ್ನೇ ಇಲ್ಲಿಯ ಅಂಗಡಿಗಳಲ್ಲೇ ಕೊಳ್ಳುತ್ತೇವೆ.

ನಾಲ್ಕನೆಯದು ಶೌಚಾಲಯ. ಇದು ಮಾತನಾಡಲು ಮುಜುಗರದ ವಿಷಯ, ಆದ್ದರಿಂದಲೇ ಎಲ್ಲರೂ ಬಿಟ್ಟುಬಿಡುತ್ತಾರೆ. ಶಾಲೆಯ ನಾಲ್ಕು ಶೌಚಾಲಯವನ್ನು ಊರಿಗೆ ಊರೇ ಬಳಸಿದರೆ ಅದು ಎಷ್ಟು ದಿನ ಉಳಿದೀತು? ಆರಂಭದ ದಿನಗಳಲ್ಲಿ 50 ಜನಕ್ಕೆ ಒಂದು, ಆಮೇಲೆ 20 ಜನಕ್ಕೆ ಒಂದು ಶೌಚಾಲಯ ಬೇಕು ಎಂದು ಅದೇ ಮಾನದಂಡ ಹೇಳುತ್ತದೆ. ಗುಂಡಿ ತೆಗೆದರೆ ಬಾವಿ, ಕೊಳವೆಬಾವಿಯಿಂದ ಕನಿಷ್ಠ 30 ಮೀಟರ್ ದೂರ ಇರಬೇಕು. ಹೆಣ್ಣುಮಕ್ಕಳಿಗೆ ಪ್ಯಾಡ್ ಹಂಚಿದ ನಾವು ಅದನ್ನು ಹಾಕಲು ಒಂದು ಮುಚ್ಚಳದ ಡಬ್ಬ ಇಟ್ಟಿರಲಿಲ್ಲ. ಅವರು ಎಲ್ಲಿ ಹಾಕಬೇಕಿತ್ತು? ಕಮೋಡಿಗೆ ಹಾಕಿದರು, ಪೈಪು ಕಟ್ಟಿಕೊಂಡಿತು. ತಪ್ಪು ಅವರದಲ್ಲ, ನಮ್ಮದು. ಈಗ ಪ್ಯಾಡಿನ ಜತೆ ಕಾಗದದ ಚೀಲ, ಮುಚ್ಚಳದ ಡಬ್ಬ, ಅದನ್ನು ನೋಡಿಕೊಳ್ಳಲು ಇಬ್ಬರು ಸ್ವಯಂಸೇವಕಿಯರು ಹೋಗುತ್ತಾರೆ. ಕೋವಿಡ್ ಕಾಲದಲ್ಲೂ ಇಂಥದೇ ಪಾಠ ಕಲಿತಿದ್ದೆವು. ಮಯ್ಯತ್ ದಫನ್‌ಗೆ ಹೋದ ನಮ್ಮ ಹುಡುಗರು ಮೊದಮೊದಲು ಕೈಗವಸು, ಕವಚಗಳನ್ನು ಖಬರಸ್ತಾನದ ಮೂಲೆಯಲ್ಲೇ ಬಿಟ್ಟು ಬಂದರು. ಆಮೇಲೆ ಹಳದಿ ಚೀಲಕ್ಕೆ ಹಾಕಿ ಆಸ್ಪತ್ರೆಯವರಿಗೆ ಒಪ್ಪಿಸುವುದನ್ನು ಕಲಿತರು.

ಐದನೆಯದು ಬಿದ್ದ ಮನೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ, ತಕ್ಷಣದ ಖರ್ಚಿಗೆ 10,000 ರೂಪಾಯಿ ಪರಿಹಾರ ಘೋಷಿಸಿತ್ತು. ಕಾಗದಪತ್ರ ಮಾಡಿಸಿಕೊಡಲು ನಾವು ಓಡಾಡಿದೆವು. ಆದರೆ ಬಿದ್ದ ಮನೆಯ ಸಾಮಾನಿನ ಕಡೆ ನೋಡಲಿಲ್ಲ. ತೊಲೆ, ಬಾಗಿಲು, ಕಿಟಕಿ, ಹೆಂಚು, ಪಾಯದ ಕಲ್ಲು ಎಲ್ಲವನ್ನೂ ಜೆಸಿಬಿ ಬಳಿದು ಹಳ್ಳಕ್ಕೆ ತಳ್ಳಿತು. ಹಳ್ಳ ಕಟ್ಟಿಕೊಂಡರೆ ಮುಂದಿನ ಮಳೆಗೆ ನೀರು ಮತ್ತೆ ಮನೆಗೇ ಬರುತ್ತದೆ. ಈಗ ಹುಡುಗರು ಮೊದಲು ಕೈಯಲ್ಲಿ ಬಿಡಿಸಿ, ಒಳ್ಳೆಯದನ್ನು ಒಂದು ಕಡೆ ಜೋಡಿಸಿ, ಮನೆಯವರಿಗೆ ಒಪ್ಪಿಸುತ್ತಾರೆ. ಹಳೆಯ ಕಲ್ಲು ಪಾಯಕ್ಕೆ ಬಂದರೆ ಅಷ್ಟು ಕಲ್ಲು ಉಳಿಯಿತು, ಅಷ್ಟು ದುಡ್ಡೂ ಉಳಿಯಿತು.

ಆರನೆಯದು ಬರ. ಜಗಳೂರಿನ ಕಡೆ ಬರ ಬಂದಾಗ ದಾನಿಗಳು ಮೊದಲು ಕೇಳುವುದು, "ಒಂದು ಬೋರ್ ಹಾಕಿಸಿಬಿಡೋಣವೇ?" ಎಂದು. ಒಳ್ಳೆಯ ಮನಸ್ಸಿನ ಮಾತು. ಆದರೆ ನಾವು ಹಾಕಿಸಿದ ಕೊಳವೆಬಾವಿಗಳಲ್ಲಿ ಬತ್ತಿಹೋದವೂ ಇವೆ ಎಂದು ನಾವು ಒಪ್ಪಿಕೊಳ್ಳಬೇಕು. ಪಕ್ಕದಲ್ಲಿ ಇನ್ನೊಂದು ಆಳದ ಬೋರ್ ಬಿದ್ದರೆ ಹಳೆಯದು ನಿಲ್ಲುತ್ತದೆ. ಆ ಭಾಗದಲ್ಲಿ ಫ್ಲೋರೈಡ್ ತೊಂದರೆಯೂ ಹಳೆಯದು. ನೀರು ಪರೀಕ್ಷೆ ಮಾಡಿಸದೆ ನಲ್ಲಿ ಕೂಡಿಸುವುದು ಮಕ್ಕಳ ಹಲ್ಲು, ಮೂಳೆಗೆ ಅಪಾಯ. ಬತ್ತಿದ ಬಾವಿಯ ಬಾಯಿ ತೆರೆದಿದ್ದರೆ ಇನ್ನೂ ದೊಡ್ಡ ಅಪಾಯ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆ ಹೋರಾಡಿ ಜೀವಂತ ಮೇಲೆತ್ತಿದರು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರಲಿಲ್ಲ. ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ನಮ್ಮ ಹೆಸರಿನ ಫಲಕವಿದ್ದ ಬಾವಿಗಳನ್ನೆಲ್ಲ ಹುಡುಕಿಕೊಂಡು ಹೋಗಿ ನೋಡಿದ್ದೇವೆ. ಬತ್ತಿದ್ದನ್ನು ಮುಚ್ಚಿಸಿದ್ದೇವೆ. ಫಲಕ ತೆಗೆಯುವಾಗ ಮನಸ್ಸಿಗೆ ಕಷ್ಟವಾಯಿತು, ಆದರೂ ತೆಗೆದೆವು.

ಇನ್ನು ಮುಂದೆ ಬೋರ್‌ಗೆ ಬದಲು ಕೆರೆ ಹೂಳು ತೆಗೆಯುವುದಕ್ಕೆ, ಕೃಷಿಹೊಂಡಕ್ಕೆ, ಮಸೀದಿ ಮತ್ತು ಶಾಲೆಗಳ ಮಾಳಿಗೆ ನೀರು ಹಿಡಿಯುವುದಕ್ಕೆ ಮೊದಲ ಆದ್ಯತೆ. ತೆಗೆದ ಹೂಳು ರೈತರ ಹೊಲಕ್ಕೆ ಹೋಗುತ್ತದೆ. ವುಝೂ ಮಾಡಿದ ನೀರು ಚರಂಡಿಗೆ ಹೋಗದೆ ಇಂಗುಗುಂಡಿಗೆ ಅಥವಾ ಗಿಡಗಳಿಗೆ ಹೋಗುವಂತೆ ಮಾಡಲು ಜಮಾಅತ್‌ಗಳನ್ನು ಕೇಳಿಕೊಂಡಿದ್ದೇವೆ. ಟ್ಯಾಂಕರ್ ನೀರು ಕೊಡಲೇಬೇಕಾದ ಕಡೆ ಕೊಡುತ್ತೇವೆ. ಆದರೆ ಸೋರುವ ಟ್ಯಾಂಕರ್, ನಲ್ಲಿ ಇಲ್ಲದ ತೊಟ್ಟಿ ಬೇಡ. ಬರದಲ್ಲಿ ಚೆಲ್ಲಿದ ನೀರನ್ನು ನೋಡಿದಷ್ಟು ಹೊಟ್ಟೆ ಉರಿಯುವುದು ಇನ್ನೊಂದಿಲ್ಲ.

ಈಗ ನಮ್ಮಲ್ಲೇ ಎದ್ದ ಆಕ್ಷೇಪದ ಮಾತು. ಸಮಿತಿಯ ಹಿರಿಯರೊಬ್ಬರು, "ಜನ ಕೊರಳವರೆಗೆ ನೀರಲ್ಲಿ ನಿಂತಿರುವಾಗ ತಟ್ಟೆ ಯಾವುದು ಅಂತ ನೋಡ್ತಾ ಕೂರೋದಾ?" ಎಂದು ಕೇಳಿದರು. ಅವರ ಮಾತಿನಲ್ಲಿ ನ್ಯಾಯವಿದೆ. ಆದ್ದರಿಂದ ನಮ್ಮ ನಿಯಮ ಹೀಗಿದೆ. ಮೊದಲ ದಿನ ಜೀವ, ಅನ್ನ, ನೀರು, ಒಣ ಬಟ್ಟೆ. ಆ ದಿನ ಕೈಗೆ ಏನು ಸಿಕ್ಕಿತೋ ಅದನ್ನೇ ಬಳಸಿ, ಆದರೆ ಖಾಲಿ ಚೀಲವನ್ನೂ ಅದೇ ವಾಹನದಲ್ಲಿ ವಾಪಸ್ ತನ್ನಿ. ಎರಡನೆಯ ದಿನದಿಂದ ಸ್ಟೀಲ್ ತಟ್ಟೆ, ಟ್ಯಾಂಕು, ಡಬ್ಬ. ಇದು ಸಾಧ್ಯವಾಗಬೇಕಾದರೆ ಸಿದ್ಧತೆ ಮಳೆಗಾಲಕ್ಕೆ ಮೊದಲೇ ಆಗಿರಬೇಕು. ನೆರೆ ಬಂದ ಮೇಲೆ ಯೋಚಿಸಿದರೆ ಅಂಗಡಿಯ ಪ್ಲಾಸ್ಟಿಕ್ಕೇ ಗತಿ.

2024ರ ಜುಲೈ ಕೊನೆಯಲ್ಲಿ ತುಂಗಭದ್ರೆ ಮತ್ತೆ ಏರಿದಾಗ ಇದನ್ನು ಮಾಡಿ ನೋಡಿದೆವು. ಎಲ್ಲವೂ ಸರಿಯಾಯಿತು ಎಂದು ಹೇಳುವುದಿಲ್ಲ. ತಟ್ಟೆ ತೊಳೆಯಲು ಕೈಗಳು ಸಾಲಲಿಲ್ಲ. ಕೊನೆಗೆ ಕೇಂದ್ರದಲ್ಲಿದ್ದ ಹೆಣ್ಣುಮಕ್ಕಳೇ ತೊಳೆದರು, ಅದು ನಮಗೆ ಸರಿ ಅನ್ನಿಸಲಿಲ್ಲ. ಮನೆ ಬಿಟ್ಟು ಬಂದವರ ಮೇಲೆ ನಮ್ಮ ಪಾತ್ರೆ ತೊಳೆಯುವ ಭಾರ ಹಾಕಬಾರದು. ಕೆಲವು ಲೋಟ ಕಾಣೆಯಾದವು. ತೊಳೆದ ನೀರು ಮೈದಾನದಲ್ಲೇ ನಿಂತು ಕೆಸರಾಯಿತು. ಮುಂದಿನ ಸಲಕ್ಕೆ ತೊಳೆಯುವವರ ಸರದಿ ಪಟ್ಟಿ, ಬೂದಿ, ಸಾಬೂನು, ಬಚ್ಚಲ ಗುಂಡಿಯ ಜಾಗ ಮೊದಲೇ ಗೊತ್ತು ಮಾಡಿದ್ದೇವೆ. ಆದರೆ ನಾವು ಹೊರಡುವಾಗ ಮೈದಾನದಲ್ಲಿ ಪ್ಲಾಸ್ಟಿಕ್ ಇರಲಿಲ್ಲ. ಕೀಲಿಕೈ ಒಪ್ಪಿಸಲು ಹೋದಾಗ ಶಿಕ್ಷಕರು ಮೈದಾನವನ್ನು ಒಂದು ಸುತ್ತು ನೋಡಿಕೊಂಡು ಬಂದು ನಮಗೆ ಚಹಾ ತರಿಸಿದರು. ನಮಗೆ ಅಷ್ಟು ಸಾಕಾಗಿತ್ತು.

ಹಣದ ಲೆಕ್ಕವನ್ನೂ ಸ್ಪಷ್ಟವಾಗಿ ಹೇಳಬೇಕು. ಝಕಾತ್ ಹಣವನ್ನು ಯಾರಿಗೆ ಕೊಡಬೇಕು ಎಂಬುದು ನಿಗದಿಯಾಗಿದೆ. ಅದರಿಂದ ತಟ್ಟೆ, ಟ್ಯಾಂಕು, ಡಬ್ಬ ಕೊಂಡಿಲ್ಲ, ಕೊಳ್ಳುವುದೂ ಇಲ್ಲ. ಇವುಗಳಿಗೆ ಸದಕಾ ಮತ್ತು ಸಾಮಾನ್ಯ ದೇಣಿಗೆಯ ಹಣವನ್ನು ಮಾತ್ರ ಬಳಸಿದ್ದೇವೆ. ವಿದ್ಯಾರ್ಥಿ ವೇತನದ ಒಂದು ರೂಪಾಯಿಯನ್ನೂ ಇತ್ತ ತಿರುಗಿಸಿಲ್ಲ. ಪ್ರತಿ ಸಲ ಹೊಸ ತಟ್ಟೆ, ಪೌಚು ಕೊಳ್ಳುವ ಖರ್ಚು ತಪ್ಪಿರುವುದರಿಂದ ಒಮ್ಮೆ ಹಾಕಿದ ಹಣ ಹಲವು ವರ್ಷ ಬರುತ್ತದೆ. ಲೆಕ್ಕಪತ್ರ ಈ ವರದಿಯಲ್ಲೇ ಇದೆ, ಯಾರು ಬೇಕಾದರೂ ಕೇಳಬಹುದು.

ಇನ್ನು ಆ ಅರ್ಜಿಯ ವಿಷಯ. ಈ ವರ್ಷ ನರ್ಸಿಂಗ್ ಓದಲು ವಿದ್ಯಾರ್ಥಿ ವೇತನ ಕೇಳಿದ ಒಬ್ಬ ಹುಡುಗಿ, 2019ರಲ್ಲಿ ನಾವು ಹೇಳಿದ ಅದೇ ಶಾಲೆಯಲ್ಲಿ ಏಳನೇ ತರಗತಿ ಓದುತ್ತಿದ್ದಳು. ಅರ್ಜಿಯಲ್ಲಿ 'ನಿಮ್ಮ ಬಗ್ಗೆ ಬರೆಯಿರಿ' ಎಂಬ ಕಡೆ ಅವಳು ನೆರೆಯ ಬಗ್ಗೆ ಬರೆದಿದ್ದಾಳೆ. ಅವಳ ಮನೆಯೂ ನೀರಿನಲ್ಲಿತ್ತು. ನಮ್ಮ ಊಟ ಅವಳೂ ಉಂಡಿದ್ದಾಳೆ, ಅದಕ್ಕೆ ಕೃತಜ್ಞತೆ ಹೇಳಿದ್ದಾಳೆ. ಆಮೇಲೆ ಬರೆದದ್ದು ಇದು: ಗಂಜಿ ಕೇಂದ್ರ ಮುಗಿದು ಶಾಲೆ ತೆರೆದರೂ ಶೌಚಾಲಯ ಸರಿಯಾಗುವವರೆಗೆ ದೊಡ್ಡ ಹುಡುಗಿಯರು ಶಾಲೆಗೆ ಹೋಗಲಿಲ್ಲ. ಅವಳ ಜತೆಯವಳೊಬ್ಬಳನ್ನು ಮನೆಯವರು ಆಗ ಬಿಡಿಸಿದವರು ಮತ್ತೆ ಕಳಿಸಲೇ ಇಲ್ಲ. ಅವಳು ಯಾರನ್ನೂ ದೂರಿಲ್ಲ. ಅದಕ್ಕೆ ಕಾರಣ ನಾವು ಹಂಚಿದ ವಸ್ತುಗಳು ಎಂದೂ ಬರೆದಿಲ್ಲ. ಅವಳಿಗೆ ಅದು ಗೊತ್ತಿಲ್ಲ. ನಮಗೆ ಗೊತ್ತು.

ನಾವು ಹೆಣ್ಣುಮಕ್ಕಳ ಓದಿಗೆ ವೇತನ ಕೊಡುವ ಟ್ರಸ್ಟ್. ನಮ್ಮದೇ ನೆರವಿನ ಕಸ ಒಂದು ಶಾಲೆಯ ಶೌಚಾಲಯ ಕಟ್ಟಿಸಿ, ಹೆಣ್ಣುಮಗಳೊಬ್ಬಳ ಓದು ನಿಲ್ಲುವುದಕ್ಕೆ ಒಂದು ನೆಪವಾಯಿತು ಎಂದು ಆರು ವರ್ಷದ ಮೇಲೆ ತಿಳಿಯಿತು. ಪರಿಸರ ಎಂದರೆ ಕಾಡು, ಪ್ರಾಣಿ, ಎಲ್ಲೋ ದೂರದ ಮಾತು ಎಂದು ಅಂದುಕೊಂಡಿದ್ದವರಿಗೆ ಇದೇ ಉತ್ತರ. ಈ ಮಾತನ್ನು ಇಂದು ಈ ಸಭೆಯಲ್ಲಿ ಹೇಳಲು ಇದೇ ಕಾರಣ. ಆ ಇನ್ನೊಬ್ಬಳ ಮನೆಯನ್ನು ನಮ್ಮ ಮಹಿಳಾ ಸ್ವಯಂಸೇವಕಿಯರು ಹುಡುಕುತ್ತಿದ್ದಾರೆ. ಸಿಕ್ಕರೆ, ಅವಳಿಗೂ ಮನೆಯವರಿಗೂ ಒಪ್ಪಿಗೆಯಾದರೆ, ಹತ್ತನೆಯ ತರಗತಿಯನ್ನು ಖಾಸಗಿಯಾಗಿ ಕಟ್ಟಿಸುವ ಪೂರ್ತಿ ಜವಾಬ್ದಾರಿ ನಮ್ಮದು.

ದಾನಿಗಳಲ್ಲಿ ನಮ್ಮ ವಿನಂತಿ ಮೂರು. ಒಂದು, ನೆರೆ ಬಂದ ದಿನ ಸಾಮಾನು ಕಳಿಸುವ ಮೊದಲು ಒಂದು ಫೋನ್ ಮಾಡಿ, ಏನು ಬೇಕು ಎಂದು ಕೇಳಿ. ನಾವೂ ತಹಶೀಲ್ದಾರರ ಕಚೇರಿಯನ್ನು, ಗ್ರಾಮ ಪಂಚಾಯಿತಿಯನ್ನು ಕೇಳಿಯೇ ಹೊರಡುತ್ತೇವೆ. ಎರಡು, ಮಳೆಗಾಲಕ್ಕೆ ಮುಂಚೆಯೇ ಸಹಾಯ ಮಾಡಿ. ಮೇ ತಿಂಗಳಲ್ಲಿ ಕೊಟ್ಟ ನೂರು ರೂಪಾಯಿ ಆಗಸ್ಟ್‌ನಲ್ಲಿ ಕೊಟ್ಟ ನೂರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಮೂರು, ಹಂಚುವ ಫೋಟೊ ಕೇಳಬೇಡಿ. ಹಂಚಿ ಮುಗಿದ ಮೇಲಿನ ಮೈದಾನದ ಫೋಟೊ ಕೇಳಿ. ಈ ವರ್ಷದಿಂದ ವರದಿಯಲ್ಲಿ ಅದನ್ನೇ ಹಾಕುತ್ತೇವೆ.

ಪೋಷಕರಿಗೆ ಮತ್ತು ಮಕ್ಕಳಿಗೆ ಒಂದು ಮಾತು. ವಿದ್ಯಾರ್ಥಿ ವೇತನ ಪಡೆಯುವವರು ಪರಿಹಾರ ಕೆಲಸಕ್ಕೆ ಬರಲೇಬೇಕು ಎಂದು ಷರತ್ತು ಹಾಕೋಣ ಎಂಬ ಸಲಹೆ ಸಮಿತಿಯಲ್ಲಿ ಬಂದಿತ್ತು. ನಾವು ಅದನ್ನು ಒಪ್ಪಲಿಲ್ಲ. ವೇತನ ನಿಮ್ಮ ಹಕ್ಕು, ಕೂಲಿಗೆ ಕೊಡುವ ಮುಂಗಡವಲ್ಲ. ಬಾರದಿದ್ದರೆ ಒಬ್ಬರ ಅರ್ಜಿಯೂ ಹಿಂದೆ ಬೀಳುವುದಿಲ್ಲ. ಆದರೆ ಮನಸ್ಸಿದ್ದವರಿಗೆ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಎರಡು ದಿನದ ತರಬೇತಿ ಇರುತ್ತದೆ. ಪ್ರಥಮ ಚಿಕಿತ್ಸೆ, ನೀರಿಗೆ ಕ್ಲೋರಿನ್ ಹಾಕುವ ಪ್ರಮಾಣ, ಕಸ ಬೇರೆ ಮಾಡುವುದು, ಕೇಂದ್ರದ ಶೌಚಾಲಯ ನೋಡಿಕೊಳ್ಳುವುದು, ಇಷ್ಟನ್ನು ಕಲಿಸುತ್ತೇವೆ. ನರ್ಸಿಂಗ್, ಐಟಿಐ, ಡಿಪ್ಲೊಮಾ ಓದುವವರಿಗೆ ಇದು ಪಾಠಕ್ಕೂ ಉಪಯೋಗ. ಹುಡುಗಿಯರಿಗೆ ಪ್ರತ್ಯೇಕ ತಂಡ, ಜತೆಗೆ ಹಿರಿಯ ಆಪಾಗಳು ಇರುತ್ತಾರೆ. ಹೆಸರು ಕೊಡುವವರು ಅರ್ಜಿಯ ಕೊನೆಯ ಪುಟದಲ್ಲಿ ಗುರುತು ಹಾಕಿದರೆ ಸಾಕು.

ಕೊನೆಯದಾಗಿ, ಅಂದು ನಮಗೆ ಫೋನ್ ಮಾಡಿದ ಆ ಮುಖ್ಯ ಶಿಕ್ಷಕರನ್ನು ನೆನೆಯುತ್ತೇವೆ. ಉಪಕಾರ ಮಾಡಿದವರ ತಪ್ಪನ್ನು ಹೇಳುವುದು ಸುಲಭವಲ್ಲ. ಅವರು ಹೇಳದಿದ್ದರೆ ನಾವು ಇಂದಿಗೂ ಅದೇ ತಟ್ಟೆಗಳನ್ನು ಹಂಚುತ್ತಾ, ಅದೇ ಫೋಟೊ ಅಚ್ಚು ಹಾಕುತ್ತಾ ಇರುತ್ತಿದ್ದೆವು. ನಮ್ಮ ಕೆಲಸದಲ್ಲಿ ನಿಮಗೆ ಕಾಣುವ ತಪ್ಪನ್ನೂ ಹಾಗೆಯೇ ಹೇಳಿ.

ಹೊಳೆಯ ದಡದವರಿಗೂ ಬಯಲು ಸೀಮೆಯವರಿಗೂ ಅಲ್ಲಾಹನು ಸಾಕಷ್ಟು, ಹದವಾದ ಮಳೆ ಕೊಡಲಿ. ನಮ್ಮ ಮಕ್ಕಳ ಓದನ್ನು ಕಾಪಾಡಲಿ. ಕೊಟ್ಟವರ ದಾನವನ್ನು ಸ್ವೀಕರಿಸಲಿ, ಕೊಡುವಾಗ ಆದ ತಪ್ಪುಗಳನ್ನು ಕ್ಷಮಿಸಲಿ. ಆಮೀನ್.